ಮಹಾಮಾರಿ ಹೋದ ಮೇಲೂ ಮಲಗಿದ್ದವರು

1917ರ ಆರಂಭದಲ್ಲಿ ವಿಯೆನ್ನಾದ ಮನೋರೋಗ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಕೆಲವು ರೋಗಿಗಳ ಕಡತದಲ್ಲಿ ಯಾವ ಕಾಯಿಲೆಯ ಹೆಸರು ಬರೆಯಬೇಕೆಂದು ಅಲ್ಲಿನ ವೈದ್ಯರಿಗೆ ತೋಚುತ್ತಿರಲಿಲ್ಲ. ಮೊದಲು ತಲೆನೋವು, ಸಣ್ಣ ಜ್ವರ, ಮೈಕೈ ನೋವು. ಸಾಧಾರಣ ಫ್ಲೂ ಎಂದುಕೊಳ್ಳುವಂಥದ್ದೇ. ಆಮೇಲೆ ನಿದ್ದೆ. ಊಟಕ್ಕೆ ಕೂತವರು ತುತ್ತು ಬಾಯಲ್ಲಿರುವಾಗಲೇ ನಿದ್ದೆಹೋಗುತ್ತಿದ್ದರು. ಅಲುಗಾಡಿಸಿ ಎಬ್ಬಿಸಿದರೆ ಕಣ್ಣು ಬಿಟ್ಟು, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟು ಮತ್ತೆ ನಿದ್ದೆಗೆ ಜಾರುತ್ತಿದ್ದರು. ಕೆಲವರ ಕಣ್ಣುರೆಪ್ಪೆ ಜೋತುಬಿದ್ದಿತ್ತು, ಕಣ್ಣುಗುಡ್ಡೆ ಹೊರಳುತ್ತಿರಲಿಲ್ಲ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ: ರಾತ್ರಿಯಿಡೀ ನಿದ್ದೆಯಿಲ್ಲ, ಕೈಕಾಲುಗಳಿಗೆ ನಿಲುಗಡೆಯಿಲ್ಲ. ಒಬ್ಬೊಬ್ಬರನ್ನೂ ಒಂದೊಂದು ಕಾಯಿಲೆಯ ಹೆಸರಲ್ಲಿ ಸೇರಿಸಿಕೊಳ್ಳಲಾಗಿತ್ತು. ಮೆದುಳುಪೊರೆಯ ಉರಿಯೂತ ಎಂದು ಒಬ್ಬರನ್ನು, ಸನ್ನಿ ಎಂದು ಇನ್ನೊಬ್ಬರನ್ನು.

ಇವೆಲ್ಲ ಒಂದೇ ಕಾಯಿಲೆಯ ಬೇರೆಬೇರೆ ಮುಖಗಳು ಎಂದು ಗುರುತಿಸಿದವನು ಕಾನ್‌ಸ್ಟಂಟಿನ್ ಫಾನ್ ಇಕಾನೊಮೊ. ಗ್ರೀಕ್ ಮನೆತನದ ಈತ 1876ರಲ್ಲಿ ರೊಮೇನಿಯದಲ್ಲಿ ಹುಟ್ಟಿ ಟ್ರಿಯೆಸ್ಟ್ ಬಂದರಿನಲ್ಲಿ ಬೆಳೆದವನು. ವಿಮಾನ ಹಾರಿಸುವ ಹುಚ್ಚು ಬೇರೆ. ಮೊದಲ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದು, ಸೋದರನೊಬ್ಬ ಯುದ್ಧದಲ್ಲಿ ಸತ್ತ ಮೇಲೆ ವಿಯೆನ್ನಾಕ್ಕೆ ಮರಳಿ, ತಲೆಗೆ ಪೆಟ್ಟುಬಿದ್ದ ಸೈನಿಕರನ್ನು ನೋಡಿಕೊಳ್ಳುತ್ತಿದ್ದ. 1917ರ ಏಪ್ರಿಲ್‌ನಲ್ಲಿ ಅಲ್ಲಿನ ವೈದ್ಯರ ಸಭೆಯೊಂದರಲ್ಲಿ ಈ ರೋಗಿಗಳ ವಿಷಯ ಮಂಡಿಸಿದ. ಮೇ ತಿಂಗಳಲ್ಲಿ ಲೇಖನ ಅಚ್ಚಾಯಿತು. ಅವನು ಇಟ್ಟ ಹೆಸರು 'ಎನ್ಸೆಫಲೈಟಿಸ್ ಲೆಥಾರ್ಜಿಕಾ', ಮಂಪರು ಬರಿಸುವ ಮಿದುಳಿನ ಉರಿಯೂತ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಫ್ರಾನ್ಸಿನ ಜಾನ್ ರೆನೆ ಕ್ರುಶೆ ಕೂಡ ಇಂಥ ಸೈನಿಕರನ್ನು ಕಂಡು ಬರೆದಿದ್ದ. ಯುದ್ಧ ಎರಡು ದೇಶಗಳನ್ನು ಶತ್ರುಗಳನ್ನಾಗಿ ಮಾಡಿತ್ತು. ಕಾಯಿಲೆ ಮಾತ್ರ ಗಡಿಯ ಎರಡೂ ಕಡೆ ಇತ್ತು.

ಮರುವರ್ಷ, 1918ರಲ್ಲಿ, ಇನ್‌ಫ್ಲುಯೆಂಜಾ ಬಂತು. ಪ್ರಪಂಚದ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗಕ್ಕೆ ಅದು ತಗುಲಿತೆಂದೂ, ಕೋಟಿಗಟ್ಟಲೆ ಜನ ಸತ್ತರೆಂದೂ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಆ ಮಹಾಮಾರಿಯ ಕತೆಯನ್ನು ನಾವು ಸಾಮಾನ್ಯವಾಗಿ ಶ್ವಾಸಕೋಶದ ಕತೆಯಾಗಿ ಓದುತ್ತೇವೆ: ನೀಲಿಗಟ್ಟಿದ ಮುಖ, ಎರಡು ಮೂರು ದಿನದಲ್ಲಿ ಸಾವು. ಆದರೆ ಅದಕ್ಕೆ ಮಿದುಳಿನ ಕತೆಯೊಂದೂ ಇದೆ. ಅದು ನಿಧಾನವಾಗಿ ನಡೆದದ್ದು, ಹೆಚ್ಚಾಗಿ ಆಸ್ಪತ್ರೆಯ ಗೋಡೆಗಳ ಒಳಗೇ ನಡೆದದ್ದು. ಅದಕ್ಕೇ ನೆನಪಿನಿಂದ ಬೇಗ ಜಾರಿಹೋಯಿತು.

ಜ್ವರ ತಲೆಗೇರುವುದು ಯಾರಿಗೂ ಹೊಸ ಸಂಗತಿಯಲ್ಲ. ಕನ್ನಡದಲ್ಲಿ ಅದಕ್ಕೆ 'ಸನ್ನಿ' ಎಂಬ ಪದವೇ ಇದೆ; ಸನ್ನಿ ಹಿಡಿದವನು ಏನೇನೋ ಬಡಬಡಿಸುತ್ತಾನೆ, ಕಂಡದ್ದನ್ನು ಕಾಣೆನೆಂದು, ಕಾಣದ್ದನ್ನು ಕಂಡೆನೆಂದು ಹೇಳುತ್ತಾನೆ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಜ್ವರ ಇಳಿದರೆ ಸನ್ನಿಯೂ ಇಳಿಯಬೇಕು. ಇಳಿಯದಿದ್ದರೆ? 1889-90ರಲ್ಲಿ 'ರಷ್ಯನ್ ಫ್ಲೂ' ಎಂಬ ಹೆಸರಿನ ಜಾಗತಿಕ ಸಾಂಕ್ರಾಮಿಕ ಯುರೋಪನ್ನು ಹಾದುಹೋದಾಗ ಈ ಪ್ರಶ್ನೆ ಮೊದಲ ಬಾರಿಗೆ ಗಂಭೀರವಾಗಿ ಎದ್ದಿತು. ಲಂಡನ್ನಿನಲ್ಲಿ ವೈದ್ಯನಾಗಿದ್ದ ಜೂಲಿಯಸ್ ಆಲ್ಟಾಸ್, ಫ್ಲೂ ಬಂದುಹೋದ ಮೇಲೆ ಕಾಣಿಸುವ ಮನೋವಿಕಾರಗಳ ಬಗ್ಗೆಯೇ ಬರೆದ. ಅದೇ ಕಾಲದಲ್ಲಿ ಉತ್ತರ ಇಟಲಿಯಲ್ಲಿ 'ನೋನಾ' ಎಂಬ ವಿಚಿತ್ರ ನಿದ್ದೆಯ ಕಾಯಿಲೆಯ ಸುದ್ದಿ ಹಬ್ಬಿತ್ತು. ಇಕಾನೊಮೊಗೆ ತನ್ನ ರೋಗಿಗಳನ್ನು ಕಂಡಾಗ ನೆನಪಾದದ್ದು ಬಾಲ್ಯದಲ್ಲಿ ಮನೆಯವರ ಬಾಯಲ್ಲಿ ಕೇಳಿದ್ದ ಈ ನೋನಾದ ಕತೆ.

1918ರ ಶರತ್ಕಾಲದಲ್ಲಿ ಅಮೆರಿಕದ ಬಾಸ್ಟನ್ನಿನ ಮನೋರೋಗ ಆಸ್ಪತ್ರೆಯಲ್ಲಿದ್ದ ಯುವ ವೈದ್ಯ ಕಾರ್ಲ್ ಮೆನಿಂಜರ್, ಫ್ಲೂ ಬಂದು ಮನಸ್ಸು ಕದಡಿದ ನೂರು ರೋಗಿಗಳ ವಿವರಗಳನ್ನು ಒಟ್ಟುಮಾಡಿ 1919ರಲ್ಲಿ ಪ್ರಕಟಿಸಿದ. ಕೆಲವರದು ಬರೀ ಸನ್ನಿ. ಆದರೆ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಅಂದು 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂದು ಕರೆಯುತ್ತಿದ್ದ, ಇಂದು ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆಯ ಹಣೆಪಟ್ಟಿ ಬಿತ್ತು. ಆ ಹಣೆಪಟ್ಟಿ ಬಿದ್ದವರು ಗುಣವಾಗುವುದಿಲ್ಲವೆಂಬುದು ಆ ಕಾಲದ ಗಟ್ಟಿ ನಂಬಿಕೆ. ಮೆನಿಂಜರ್ ಅಲ್ಲಿಗೇ ಬಿಡಲಿಲ್ಲ. ವರ್ಷಗಳ ಬಳಿಕ ಆ ರೋಗಿಗಳು ಏನಾದರೆಂದು ವಿಚಾರಿಸಿದ. ಹೆಚ್ಚಿನವರು ಚೇತರಿಸಿಕೊಂಡಿದ್ದರು. ಮನಸ್ಸಿನ ಕಾಯಿಲೆಯೂ ಒಮ್ಮೊಮ್ಮೆ ಸೋಂಕಿನ ಬೆನ್ನಿಗೆ ಬಂದು ತಾನಾಗಿ ಹೋಗಬಲ್ಲದು ಎಂಬ ಮಾತಿಗೆ ಇದರಿಂದ ಬಲ ಬಂತು. ಇದು ಸಾಧ್ಯವಾದದ್ದು ಯಾವ ಹೊಸ ಯಂತ್ರದಿಂದಲೂ ಅಲ್ಲ, ರೋಗಿ ಆಸ್ಪತ್ರೆ ಬಿಟ್ಟ ಮೇಲೂ ಅವನ ಕಡತವನ್ನು ಮುಚ್ಚದೆ ಇಟ್ಟದ್ದರಿಂದ.

ವಿಯೆನ್ನಾದ ನಿದ್ದೆಯ ರೋಗಿಗಳಿಗೆ ಮಾತ್ರ ಅಷ್ಟು ಅದೃಷ್ಟವಿರಲಿಲ್ಲ. ಮುಂದಿನ ಹತ್ತು ವರ್ಷ ಈ ಕಾಯಿಲೆ ಯುರೋಪು, ಅಮೆರಿಕಗಳನ್ನೆಲ್ಲ ಸುತ್ತಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1924ರ ಒಂದೇ ವರ್ಷ ಐದು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಕಾಯಿಲೆ ಬಿದ್ದವರಲ್ಲಿ ಬಹಳಷ್ಟು ಜನ ಮೊದಲ ವಾರಗಳಲ್ಲೇ ಸತ್ತರು. ಕೆಲವರು ಎದ್ದು ಕೂತರು, ಮನೆಗೆ ಹೋದರು, ಕೆಲಸಕ್ಕೂ ಮರಳಿದರು. ಗುಣವಾಯಿತೆಂದು ಎಲ್ಲರೂ ಅಂದುಕೊಂಡರು. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಅವರ ನಡಿಗೆ ನಿಧಾನವಾಯಿತು, ಮುಖದ ಭಾವ ಆರಿತು, ಮಾತು ಪಿಸುಗುಟ್ಟುವಿಕೆಗೆ ಇಳಿಯಿತು. ಒಮ್ಮೊಮ್ಮೆ ಕಣ್ಣುಗುಡ್ಡೆಗಳು ಮೇಲಕ್ಕೆ ಹೊರಳಿ ಗಂಟೆಗಟ್ಟಲೆ ಹಾಗೇ ಸಿಕ್ಕಿಕೊಳ್ಳುತ್ತಿದ್ದವು. ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ, ಆದರೆ ಹದಿಹರೆಯದವರನ್ನೂ ಬಿಡದ ಸ್ಥಿತಿ ಇದು. ಮಕ್ಕಳಲ್ಲಿ ಇನ್ನೊಂದು ಬಗೆ: ಸಾಧುವಾಗಿದ್ದ ಹುಡುಗ ಕಾಯಿಲೆಯಿಂದೆದ್ದ ಮೇಲೆ ಕದಿಯುವುದು, ಹೊಡೆಯುವುದು, ರಾತ್ರಿಯಿಡೀ ಓಡಾಡುವುದು. ಬುದ್ಧಿ ಮಂಕಾಗಿರಲಿಲ್ಲ, ತಾನು ಮಾಡುತ್ತಿರುವುದು ತಪ್ಪೆಂದು ಎಷ್ಟೋ ಮಕ್ಕಳಿಗೆ ಗೊತ್ತಿತ್ತು, ತಡೆದುಕೊಳ್ಳಲು ಮಾತ್ರ ಆಗುತ್ತಿರಲಿಲ್ಲ. ಇದು ನಡತೆಗೇಡೋ ಮಿದುಳಿಗೆ ಬಿದ್ದ ಏಟೋ ಎಂಬ ಪ್ರಶ್ನೆ ಶಾಲೆ, ಪೊಲೀಸ್ ಠಾಣೆ, ನ್ಯಾಯಾಲಯಗಳವರೆಗೂ ಹೋಯಿತು. ಇಂಥವರಿಗಾಗಿ ಲಂಡನ್ನಿನ ಉತ್ತರದ ವಿಂಚ್‌ಮೋರ್ ಹಿಲ್‌ನಲ್ಲಿ ಪ್ರತ್ಯೇಕ ವಾರ್ಡುಗಳನ್ನೇ ತೆರೆಯಬೇಕಾಯಿತು.

ಸತ್ತವರ ಮಿದುಳನ್ನು ಇಕಾನೊಮೊ ಸೂಕ್ಷ್ಮದರ್ಶಕದಡಿ ನೋಡುತ್ತ ಹೋದ. ನಿದ್ದೆ ಎಂದರೆ ಮಿದುಳು ದಣಿದು ಸುಮ್ಮನಾಗುವುದು ಎಂದು ಆಗ ಬಹುತೇಕರು ನಂಬಿದ್ದರು. ಅವನಿಗೆ ಕಂಡದ್ದು ಬೇರೆ. ಸದಾ ನಿದ್ದೆಯಲ್ಲಿದ್ದವರಲ್ಲಿ ಮಿದುಳಿನ ತಳದ ಹೈಪೊಥಲಾಮಸ್ ಎಂಬ ಭಾಗದ ಹಿಂಬದಿ ಹಾಳಾಗಿತ್ತು. ನಿದ್ದೆಯೇ ಬಾರದವರಲ್ಲಿ ಅದೇ ಭಾಗದ ಮುಂಬದಿ. ಅಂದರೆ ನಿದ್ದೆ ಬರಿಸಲು ಒಂದು ಜಾಗ, ಎಚ್ಚರವಾಗಿಡಲು ಇನ್ನೊಂದು ಜಾಗ ಮಿದುಳಿನಲ್ಲೇ ಇರಬೇಕು. ಕುಂಭಕರ್ಣನ ನಿದ್ದೆಗೆ ನಾವು ಶಾಪ, ವರಗಳ ಕಾರಣ ಕೊಟ್ಟಿದ್ದೆವು. ಈತ ಅದಕ್ಕೊಂದು ವಿಳಾಸ ಹುಡುಕಿದ. ದಶಕಗಳ ಬಳಿಕ ಪ್ರಯೋಗಶಾಲೆಗಳು ಅವನ ಊಹೆಯನ್ನು ಬಹುಮಟ್ಟಿಗೆ ಎತ್ತಿಹಿಡಿದವು. 1998ರಲ್ಲಿ ಪತ್ತೆಯಾದ, ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕ ತಯಾರಾಗುವುದೂ ಹೈಪೊಥಲಾಮಸ್‌ನಲ್ಲೇ. ಇನ್ನೊಂದು ಕಡೆ ಪ್ಯಾರಿಸ್ಸಿನಲ್ಲಿ ಕಾನ್‌ಸ್ಟಂಟಿನ್ ಟ್ರೆಟಿಯಕಾಫ್ ಎಂಬ ವಿದ್ಯಾರ್ಥಿ 1919ರ ತನ್ನ ಪ್ರಬಂಧದಲ್ಲಿ, ಪಾರ್ಕಿನ್ಸನ್ ರೋಗಿಗಳ ಮಿದುಳಿನ 'ಸಬ್‌ಸ್ಟಾನ್ಶಿಯಾ ನೈಗ್ರಾ' ಎಂಬ ಕಪ್ಪುಬಣ್ಣದ ಪುಟ್ಟ ಭಾಗ ಸವೆದಿರುವುದನ್ನು ತೋರಿಸಿದ. ಒಂದು ಮಹಾಮಾರಿಯ ಕಾಲದ ವಾರ್ಡುಗಳಿಂದ ನಿದ್ದೆಯ ಬಗೆಗೂ ಚಲನೆಯ ಬಗೆಗೂ ಇಂದಿನ ನರವಿಜ್ಞಾನಕ್ಕೆ ಇಷ್ಟು ದಕ್ಕಿತು. ದಕ್ಕಿಸಿಕೊಟ್ಟವರಿಗೆ ಮಾತ್ರ ಏನೂ ಸಿಗಲಿಲ್ಲ.

ಹಾಗಾದರೆ ಈ ನಿದ್ದೆಯ ಕಾಯಿಲೆಗೆ 1918ರ ಫ್ಲೂ ಕಾರಣವೇ? ನೂರು ವರ್ಷ ಕಳೆದರೂ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಹೌದು ಎನ್ನುವವರ ಬಳಿ ಒಂದು ಬಲವಾದ ಸಾಕ್ಷಿ ಇದೆ. ಪೆಸಿಫಿಕ್ ಸಾಗರದಲ್ಲಿ ಅಕ್ಕಪಕ್ಕದಲ್ಲೇ ಇರುವ ಎರಡು ಸಮೋವಾಗಳಿವೆ. ಪಶ್ಚಿಮ ಸಮೋವಾಕ್ಕೆ 1918ರ ನವೆಂಬರ್‌ನಲ್ಲಿ ಹಡಗೊಂದು ಫ್ಲೂ ತಂದಿತು. ಜನಸಂಖ್ಯೆಯ ಐದನೇ ಒಂದು ಭಾಗಕ್ಕೂ ಹೆಚ್ಚು ಜನ ಸತ್ತರು. ಅಮೆರಿಕನ್ ಸಮೋವಾ ಹಡಗುಗಳನ್ನು ತಡೆದು ಪಾರಾಯಿತು. ರಾವೆನ್‌ಹೋಲ್ಟ್ ಮತ್ತು ವಿಲಿಯಂ ಫೀಗಿ 1982ರಲ್ಲಿ ಹಳೆಯ ದಾಖಲೆಗಳನ್ನು ಕೆದಕಿ ನೋಡಿದಾಗ, ನಂತರದ ವರ್ಷಗಳಲ್ಲಿ ನಿದ್ದೆಯ ಕಾಯಿಲೆಯಿಂದಾದ ಸಾವುಗಳು ಪಶ್ಚಿಮ ಸಮೋವಾದಲ್ಲಿ 79, ಅಮೆರಿಕನ್ ಸಮೋವಾದಲ್ಲಿ 2. ಅಮೆರಿಕದ ಸಿಯಾಟಲ್ ನಗರದಲ್ಲೂ ಫ್ಲೂ ಸಾವುಗಳ ಅಲೆ ಎದ್ದು ಸುಮಾರು ಒಂದು ವರ್ಷದ ಬಳಿಕ ಈ ಸಾವುಗಳ ಅಲೆ ಎದ್ದಿತ್ತು. ಈ ಫೀಗಿ ಬೇರಾರೂ ಅಲ್ಲ, ಸಿಡುಬು ನಿರ್ಮೂಲನೆಗಾಗಿ 1970ರ ದಶಕದಲ್ಲಿ ಭಾರತದ ಹಳ್ಳಿಗಳಲ್ಲಿ ಕೆಲಸ ಮಾಡಿದಾತ.

ಇಲ್ಲ ಎನ್ನುವವರ ಬಳಿಯೂ ಸಾಕ್ಷಿಗಳಿವೆ. ಇಕಾನೊಮೊನ ರೋಗಿಗಳು 1918ರ ಅಲೆ ಏಳುವ ಮೊದಲೇ ಕಾಯಿಲೆ ಬಿದ್ದಿದ್ದರು. ಕಾಪಿಟ್ಟಿದ್ದ ಹಳೆಯ ಮಿದುಳಿನ ತುಣುಕುಗಳಲ್ಲಿ ಫ್ಲೂ ವೈರಸ್ಸಿನ ಆನುವಂಶಿಕ ಕುರುಹಿಗಾಗಿ 2000ದ ಆಚೀಚೆ ಹುಡುಕಿದವರಿಗೆ ಅದು ಸಿಗಲಿಲ್ಲ. 2004ರಲ್ಲಿ ಲಂಡನ್ನಿನ ರಸೆಲ್ ಡೇಲ್ ಮತ್ತು ಸಂಗಡಿಗರು ಇದೇ ಲಕ್ಷಣಗಳಿದ್ದ 20 ಹೊಸ ರೋಗಿಗಳನ್ನು ಪರೀಕ್ಷಿಸಿ ಬೇರೊಂದು ದಾರಿ ತೋರಿಸಿದರು: ದೇಹದ ರಕ್ಷಣಾ ವ್ಯವಸ್ಥೆಯೇ ದಿಕ್ಕುತಪ್ಪಿ ತನ್ನ ಮಿದುಳಿನ ಮೇಲೆ ಬೀಳುತ್ತಿರಬಹುದು. 2007ರಲ್ಲಿ ಹೋಸೆಪ್ ಡಾಲ್ಮೌ ಅಂಥದೇ ಒಂದು ಕಾಯಿಲೆಯನ್ನು, ಮಿದುಳಿನ ಗ್ರಾಹಿಗಳ ಮೇಲೆ ಎರಗುವ ಪ್ರತಿಕಾಯಗಳನ್ನು, ಖಚಿತವಾಗಿ ಗುರುತಿಸಿದ ಮೇಲೆ ಈ ವಾದಕ್ಕೆ ಬಲ ಬಂತು. ಹಾಗೆಂದ ಮಾತ್ರಕ್ಕೆ ಸೋಂಕಿಗೆ ಇದರಲ್ಲಿ ಪಾತ್ರವೇ ಇಲ್ಲವೆಂದಲ್ಲ. ಮನೆಗೆ ನುಗ್ಗಿದ ಕಳ್ಳ ಓಡಿಹೋದ ಮೇಲೂ ಗಾಬರಿಬಿದ್ದ ಕಾವಲುಗಾರ ಮನೆಯವರನ್ನೇ ಹೊಡೆಯುವುದುಂಟು. ಆಮೇಲೆ ಹುಡುಕಿದರೆ ಕಳ್ಳ ಸಿಗುವುದಿಲ್ಲ.

1930ರ ಹೊತ್ತಿಗೆ ಹೊಸ ರೋಗಿಗಳು ಬರುವುದು ವಿರಳವಾಯಿತು. ಇಕಾನೊಮೊ 1931ರಲ್ಲಿ ತೀರಿಕೊಂಡ. ನ್ಯೂಯಾರ್ಕಿನಲ್ಲಿ, ತಾನೇ ಈ ಕಾಯಿಲೆಗೆ ತುತ್ತಾಗಿದ್ದ ಉದ್ಯಮಿ ವಿಲಿಯಂ ಮ್ಯಾಥಿಸನ್‌ನ ಹಣದಿಂದ ನಡೆಯುತ್ತಿದ್ದ ಸಂಶೋಧನಾ ಆಯೋಗ ಮೂರು ದಪ್ಪ ವರದಿಗಳನ್ನು ಕೊಟ್ಟು ನಿಂತುಹೋಯಿತು. ಆದರೆ ಹಳೆಯ ರೋಗಿಗಳು ಎಲ್ಲಿಗೂ ಹೋಗಿರಲಿಲ್ಲ. ದೀರ್ಘಕಾಲದ ರೋಗಿಗಳ ಆಸ್ಪತ್ರೆಗಳ ಹಿಂಬದಿಯ ವಾರ್ಡುಗಳಲ್ಲಿ ಕುರ್ಚಿಗಳ ಮೇಲೆ ಕೂತೇ ಇದ್ದರು.

ಅವರಿಗೆ ಬೆಳಕು ಬಂದದ್ದು ಮತ್ತೆ ವಿಯೆನ್ನಾದಿಂದಲೇ. ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿದೆ ಎಂದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ತೋರಿಸಿದ್ದ. 1960ರಲ್ಲಿ ವಿಯೆನ್ನಾದ ಓಲೆಹ್ ಹಾರ್ನಿಕೀವಿಚ್, ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಅದು ಬತ್ತಿಹೋಗಿರುವುದನ್ನು ಕಂಡ. ಅವನು ಪರೀಕ್ಷಿಸಿದ ಮಿದುಳುಗಳಲ್ಲಿ ನಿದ್ದೆಯ ಕಾಯಿಲೆಯಿಂದ ಹಾಗಾದವರದೂ ಇದ್ದವು. ಡೋಪಮಿನ್ನನ್ನು ನೇರವಾಗಿ ಕೊಟ್ಟರೆ ಮಿದುಳಿಗೆ ತಲುಪದು. ಅದರ ಹಿಂದಿನ ಹಂತದ ವಸ್ತುವಾದ ಎಲ್-ಡೋಪಾ ಕೊಡಬೇಕು. ಈ ಎಲ್-ಡೋಪಾದ ಕತೆಗೆ ನಮ್ಮ ನೆಲದ ಎಳೆಯೊಂದಿದೆ. ಮುಟ್ಟಿದರೆ ಮೈಯೆಲ್ಲ ತುರಿಕೆ ಹತ್ತಿಸುವ, ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಅದು ಹೇರಳವಾಗಿದೆ. ಮದರಾಸು ವಿಶ್ವವಿದ್ಯಾಲಯದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ಬೇರ್ಪಡಿಸಿ ಪ್ರಕಟಿಸಿದ್ದರು. ಅದು ಯಾವ ಕಾಯಿಲೆಗೆ ಬೇಕಾದೀತೆಂದು ಅಂದು ಯಾರೂ ಕೇಳಿರಲಿಲ್ಲ.

1969ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬೆತ್ ಅಬ್ರಹಾಂ ಆಸ್ಪತ್ರೆಯಲ್ಲಿ ಆಲಿವರ್ ಸ್ಯಾಕ್ಸ್ ಈ ಮದ್ದನ್ನು ತನ್ನ ರೋಗಿಗಳಿಗೆ ಕೊಟ್ಟಾಗ, ದಶಕಗಳಿಂದ ಕಲ್ಲಿನಂತೆ ಕೂತಿದ್ದವರು ಎದ್ದು ನಡೆದರು, ಮಾತಾಡಿದರು, ನಕ್ಕರು. ತಾರುಣ್ಯದಲ್ಲಿ ನಿಂತುಹೋಗಿದ್ದವರು ಎದ್ದಾಗ ನಡುವಯಸ್ಸು ದಾಟಿತ್ತು. ಅಪ್ಪ ಅಮ್ಮ ತೀರಿಕೊಂಡಿದ್ದರು, ಎರಡನೇ ಮಹಾಯುದ್ಧ ಮುಗಿದುಹೋಗಿತ್ತು. ಆ ಎಚ್ಚರ ಹೆಚ್ಚಿನವರಿಗೆ ಬಹುಕಾಲ ಉಳಿಯಲಿಲ್ಲ. ಮದ್ದು ಒಮ್ಮೆ ಅತಿಯಾಗಿ ಒಮ್ಮೆ ಏನೂ ಆಗದೆ ಅವರನ್ನು ತೂಗುಯ್ಯಾಲೆಯಾಡಿಸಿತು. 1973ರಲ್ಲಿ ಸ್ಯಾಕ್ಸ್ ಬರೆದ 'ಅವೇಕನಿಂಗ್ಸ್' ಪುಸ್ತಕ, 1990ರಲ್ಲಿ ಅದೇ ಹೆಸರಿನ ಚಲನಚಿತ್ರ ಆ ಬೇಸಿಗೆಯನ್ನು ಲೋಕಪ್ರಸಿದ್ಧ ಮಾಡಿದವು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕಾಯಿಲೆ ಪರಿಚಯವಿದ್ದರೆ ಬಹುಶಃ ಅಲ್ಲಿಂದಲೇ. ಆ ಪುಸ್ತಕವನ್ನು ಪವಾಡದ ಕತೆಯಾಗಿ ಓದುವುದು ಸುಲಭ. ಆದರೆ ಅದು ಮೊದಲಿಗೆ ಮಾಡಿದ ಕೆಲಸ ಬೇರೆ: ಮಹಾಮಾರಿ ಮುಗಿದು ನಲವತ್ತು ವರ್ಷಗಳಾದ ಮೇಲೂ ಅದರ ರೋಗಿಗಳು ಬದುಕಿದ್ದಾರೆ ಎಂದು ಹೇಳಿತು.

ಈ ಇತಿಹಾಸ 2020ರಲ್ಲಿ ಇದ್ದಕ್ಕಿದ್ದಂತೆ ಮತ್ತೆ ಬೇಕಾಯಿತು. ವೂಹಾನ್‌ನ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ದಾಖಲಾಗಿದ್ದ 214 ರೋಗಿಗಳ ಕಡತಗಳನ್ನು ನೋಡಿದ ವೈದ್ಯರು, ಅವರಲ್ಲಿ 78 ಜನರಿಗೆ, ಅಂದರೆ ಮೂರರಲ್ಲೊಬ್ಬರಿಗೂ ಹೆಚ್ಚು ಜನರಿಗೆ, ನರವ್ಯೂಹದ ತೊಂದರೆಗಳಿದ್ದವು ಎಂದು ಏಪ್ರಿಲ್‌ನಲ್ಲಿ ವರದಿ ಮಾಡಿದರು. ತಲೆಸುತ್ತು, ತಲೆನೋವುಗಳಿಂದ ಹಿಡಿದು ಪ್ರಜ್ಞೆ ಮಂಕಾಗುವುದು, ಪಾರ್ಶ್ವವಾಯುವಿನವರೆಗೆ. ಕಾಯಿಲೆ ಉಲ್ಬಣಿಸಿದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿತ್ತು. ಅದೇ ತಿಂಗಳು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಿಂದ ತೀವ್ರ ನಿಗಾ ಘಟಕದ 58 ರೋಗಿಗಳ ವರದಿ ಬಂತು: 40 ಜನರಲ್ಲಿ ತೀವ್ರ ತಳಮಳ, ಚಡಪಡಿಕೆ. ಬೆನ್ನುಹುರಿಯ ದ್ರವ ತೆಗೆದು ಪರೀಕ್ಷಿಸಿದ ಏಳು ಜನರಲ್ಲಿ ಒಬ್ಬರಲ್ಲೂ ವೈರಸ್ ಸಿಗಲಿಲ್ಲ. ಅಂದರೆ ಹಳೆಯ ಒಗಟೇ ಮತ್ತೆ ಎದುರಾಯಿತು: ಹಾನಿ ಕಾಣುತ್ತದೆ, ಮಾಡಿದವನು ಸ್ಥಳದಲ್ಲಿಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ನರತಜ್ಞರು 43 ರೋಗಿಗಳ ಬಗ್ಗೆ ಬರೆದಾಗ ಪತ್ರಿಕೆಗಳು 1920ರ ದಶಕದ ನಿದ್ದೆಯ ಕಾಯಿಲೆಯನ್ನು ನೆನಪಿಸಿಕೊಂಡವು.

ಅಂಥ ನಿದ್ದೆಯ ಅಲೆ ಈ ಬಾರಿ ಬರಲಿಲ್ಲ. ಆದರೆ ಏನೂ ಆಗಲಿಲ್ಲವೆಂದೂ ಹೇಳುವಂತಿಲ್ಲ. ಸೋಂಕಿಗೆ ಮೊದಲು ಮತ್ತು ನಂತರ ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡಿದ್ದ ಬ್ರಿಟನ್ನಿನ 785 ಜನರ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸೋಂಕು ತಗುಲಿದ್ದ 401 ಜನರಲ್ಲಿ ವಾಸನೆಗೆ ಸಂಬಂಧಿಸಿದ ಭಾಗಗಳು, ಸರಾಸರಿಯಲ್ಲಿ, ಸ್ವಲ್ಪ ಹೆಚ್ಚೇ ಸವೆದಿದ್ದವು. ಸುಮಾರು 2,36,000 ರೋಗಿಗಳ ದಾಖಲೆ ನೋಡಿದ ಇನ್ನೊಂದು ಅಧ್ಯಯನ, ಆರು ತಿಂಗಳೊಳಗೆ ಮೂರರಲ್ಲೊಬ್ಬರಿಗೆ ನರದ ಅಥವಾ ಮನಸ್ಸಿನ ತೊಂದರೆ ದಾಖಲಾಗಿದೆ ಎಂದಿತು. ಇಂಥ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆ ಮೂರರಲ್ಲೊಬ್ಬರಲ್ಲಿ ಮೊದಲೇ ತೊಂದರೆ ಇದ್ದವರೂ ಸೇರಿದ್ದರು. ಹೊಸದಾಗಿ ಬಂದವರು ಶೇಕಡಾ 13ರಷ್ಟು. ಆತಂಕ, ಖಿನ್ನತೆಯಂಥವೇ ಅದರಲ್ಲಿ ಹೆಚ್ಚು. ಹೆದರಿಸಲು ದೊಡ್ಡ ಸಂಖ್ಯೆ, ಸಮಾಧಾನಕ್ಕೆ ಸಣ್ಣ ಸಂಖ್ಯೆ ಎಂದು ಆರಿಸಿಕೊಳ್ಳುವುದು ಇತಿಹಾಸವೂ ಅಲ್ಲ, ವಿಜ್ಞಾನವೂ ಅಲ್ಲ.

ಈಗ ನಮ್ಮ ಕಡೆ ನೋಡೋಣ. 1918ರ ಮಹಾಮಾರಿಯಲ್ಲಿ ಅತಿ ಹೆಚ್ಚು ಜನರನ್ನು ಕಳೆದುಕೊಂಡ ದೇಶ ಭಾರತ. ಒಂದು ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜು. 1911ಕ್ಕೂ 1921ಕ್ಕೂ ನಡುವೆ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ಜನಗಣತಿಯ ಚರಿತ್ರೆಯಲ್ಲಿ ಹಾಗಾದ ದಶಕ ಅದೊಂದೇ. ಆ ಮಹಾಮಾರಿಯನ್ನು ನಾವು ತಿಳಿದಿರುವುದು ಹೆಚ್ಚಾಗಿ ಹೀಗೆ, ಎಷ್ಟು ಜನ ಕಡಿಮೆಯಾದರು ಎಂಬ ಕಳೆಯುವ ಲೆಕ್ಕದಿಂದ. ಜನಗಣತಿ ಸತ್ತವರ ಸುಳಿವು ಕೊಡುತ್ತದೆ. ಬದುಕುಳಿದು ಜಗಲಿಯ ಮೂಲೆಯಲ್ಲಿ ಕೂತುಬಿಟ್ಟವರ, ಜ್ವರದ ನಂತರ 'ಒಂಥರಾ ಆಗಿಬಿಟ್ಟ' ಮಗುವಿನ ಸುಳಿವನ್ನು ಅದು ಕೊಡಲಾರದು. ಅದಕ್ಕೆ ಕಡತ ಬೇಕು, ಕಡತಕ್ಕೆ ಆಸ್ಪತ್ರೆ ಬೇಕು. ಇಂದು ನಿಮ್ಹಾನ್ಸ್ ಇರುವ ಬೆಂಗಳೂರಿನಲ್ಲಿ 1918ರಲ್ಲಿ ಇದ್ದದ್ದು ಒಂದು ಹುಚ್ಚಾಸ್ಪತ್ರೆ. ಅದು ಮಾನಸಿಕ ಆಸ್ಪತ್ರೆಯಾಗಿ ಬೆಳೆದು, 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಬ್ರಾಂಕ್ಸ್‌ನ ರೋಗಿಗಳು ಎಚ್ಚರಗೊಂಡು ಐದು ವರ್ಷಗಳಾದ ಮೇಲೆ.

2020ರ ಹೊತ್ತಿಗೆ ನಮ್ಮಲ್ಲಿ ನರತಜ್ಞರಿದ್ದರು, ಸ್ಕ್ಯಾನ್ ಯಂತ್ರಗಳಿದ್ದವು. ಆದರೂ ನಾವು ಪ್ರತಿ ಸಂಜೆ ಕೇಳಿದ್ದು ಎರಡೇ ಸಂಖ್ಯೆ: ಇಂದು ಎಷ್ಟು ಜನ ಸತ್ತರು, ಎಷ್ಟು ಜನ ಡಿಸ್ಚಾರ್ಜ್ ಆದರು. ಎರಡನೆಯದನ್ನು 'ಗುಣಮುಖರಾದವರು' ಎಂದು ಕರೆದೆವು. ವಿಯೆನ್ನಾದಲ್ಲೂ ಹಾಗೆಯೇ ಕರೆದಿದ್ದರು. ಆಸ್ಪತ್ರೆಯಿಂದ ಮನೆಗೆ ಹೋಗುವುದಕ್ಕೂ ಗುಣವಾಗುವುದಕ್ಕೂ ನಡುವೆ ಒಂದು ದೂರವಿದೆ, ಅದು ಕೆಲವರಿಗೆ ಕೆಲವು ವಾರ, ಕೆಲವರಿಗೆ ಇಡೀ ಬದುಕು. ಮೆನಿಂಜರ್ ತನ್ನ ರೋಗಿಗಳನ್ನು ಹುಡುಕಿಕೊಂಡು ಹೋದದ್ದರಿಂದ ಅವರು ಗುಣವಾಗಿದ್ದಾರೆಂದು ತಿಳಿಯಿತು. ಸ್ಯಾಕ್ಸ್ ಹಿಂಬದಿಯ ವಾರ್ಡಿಗೆ ಹೋದದ್ದರಿಂದ ಅಲ್ಲಿದ್ದವರು ಗುಣವಾಗಿಲ್ಲವೆಂದು ತಿಳಿಯಿತು. ಒಳ್ಳೆಯ ಸುದ್ದಿಯೇ ಇರಲಿ, ಕೆಟ್ಟದ್ದೇ ಇರಲಿ, ಯಾರಾದರೂ ಹೋಗಿ ಕೇಳಿದಾಗ ಮಾತ್ರ ಅದು ಗೊತ್ತಾಗುತ್ತದೆ. ಕೋವಿಡ್ ವಾರ್ಡಿನಿಂದ ಮನೆಗೆ ಹೋಗಿ, 'ಆಮೇಲಿಂದ ನೆನಪೇ ನಿಲ್ಲುತ್ತಿಲ್ಲ' ಎಂದು ಹೇಳುವವರು ನಮ್ಮ ನಡುವೆಯೂ ಇದ್ದಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳಲು ಈಗ ಇನ್ನೂ ಸಮಯವಿದೆ.